ನಾನು ನುಂಗಿದ ಅರ್ಧ ಮಾತು

ಇದನ್ನು ಬರೆದಿಡುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಬರೆಯಲು ಕೂತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಅವನ ಕೊರಳು. ದನಿ ಏರಿಸಿದರೆ ಬಲಗಡೆಯ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಹಾಡುವ ಮೊದಲು ಒಣ ಜೋಳದ ಕಣಕಿಗೆ ಬೆಂಕಿ ಹಚ್ಚಿ, ಬಾರಿಸುವ ದಪ್ಪಿನ ತೊಗಲು ಕಾಸುತ್ತಿದ್ದ. ಅದರ ಬೂದಿ ಹುಬ್ಬಿನ ಮೇಲೆ ಕೂತಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಅವನು ನಮ್ಮ ದೊಡ್ಡಪ್ಪನ ಮಗ. ನನಗಿಂತ ಒಂದು ವರ್ಷ ದೊಡ್ಡವನು, ಹಾಗಾಗಿ ಅಣ್ಣ. ಇಂಡಿ ಊರಿನ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮ್ಯಾಟ್ರಿಕ್ ಮುಗಿಸಿದವರು ನಾವು. ಐವತ್ತರ ದಶಕದ ಕೊನೆಗೆ ನಮ್ಮ ಕ್ರೈಸ್ತ ಸಭೆಯ ಪಾಲಕರು ನಮ್ಮಿಬ್ಬರನ್ನು ಸುವಾರ್ತೆ ಹಾಡಲು ಸಂತೆಗಳಿಗೆ ಕಳಿಸುತ್ತಿದ್ದರು. ಲಾವಣಿ ಮೇಳದವರಂತೆ ನಮ್ಮದೂ ಸವಾಲು ಜವಾಬು. ಹಳೆಯ ಯೆಹೂದಿ ಪ್ರವಾದಿಗಳು ಸಾರಿದ ದೇವರ ವಾಗ್ದಾನವನ್ನು ಅಣ್ಣ ಸವಾಲಾಗಿ ಎತ್ತಬೇಕು. ಅದು ಯೇಸುಸ್ವಾಮಿಯಲ್ಲಿ ಹೇಗೆ ನೆರವೇರಿತೆಂದು ನಾನು ಜವಾಬು ಕೊಡಬೇಕು.

ಮಂದಿಗೆ ಬೇಕಾದದ್ದು ಅವನ ಸವಾಲೇ. “ದೇವರು ಕೊಟ್ಟ ಮಾತು ಯಾವಾಗ ಬಂದೀತೋ” ಎಂದು ಅವನು ದನಿ ಎಳೆದರೆ ಎಲೆ ಅಡಿಕೆ ಮಾರುವವರೂ ಕೈ ತಡೆಯುತ್ತಿದ್ದರು. “ಬಂತು” ಎಂದು ನಾನು ಹಾಡುವಷ್ಟರಲ್ಲಿ ಅರ್ಧ ಜನ ಚುರುಮುರಿಯ ಕಡೆ ಹೊರಟಿರುತ್ತಿದ್ದರು.

“ತಮ್ಮಾ, ನಿನ್ನ ದನಿಗೆ ಮಂದಿ ಅಷ್ಟ ಅಲ್ಲ, ಕುಂತ ಎತ್ತು ಸೈತ ಎದ್ದು ಹೋಗ್ತಾವು,” ಎಂದು ನನ್ನ ಪಾಲಿನ ಶೇಂಗಾ ತಿನ್ನುತ್ತ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಒಂದು ಕ್ರಿಸ್ಮಸ್ಸಿನ ಮುಂಚೆ ಸಿಂದಗಿ ಸಂತೆಯಲ್ಲಿ ಇಮ್ಮಾನುವೇಲನ ಪದ ಹಾಡಿದೆವು. ಇಬ್ಬರು ವೈರಿ ರಾಜರು ಏರಿ ಬರುತ್ತಾರೆಂದು ಯೆಹೂದದ ಅರಸ ಅಂಜಿ ಕೂತಿದ್ದಾನೆ. ಇಮ್ಮಾನುವೇಲನೆಂಬ ಕೂಸು ಹುಟ್ಟುತ್ತದೆ, ದೇವರು ನಿನ್ನ ಸಂಗಡ ಇದ್ದಾನೆಂಬುದಕ್ಕೆ ಅದೇ ಗುರುತು ಎಂದು ಪ್ರವಾದಿ ಹೇಳುತ್ತಾನೆ. ಏಳುನೂರು ವರ್ಷದ ಮೇಲೆ ಹುಟ್ಟಿದ ಯೇಸುಸ್ವಾಮಿಯೇ ಆ ಕೂಸು ಎಂದು ನಾನು ಜವಾಬು ಹಾಡಿದೆ.

ಬಳೆ ಮಾರುವ ಮುದುಕರೊಬ್ಬರು ಕೂತಲ್ಲಿಂದಲೇ ಕೇಳಿದರು: “ನಿಂದಿರ್ರಿ. ಏಳನೂರು ವರ್ಷ ಆದಮ್ಯಾಲ ಹುಟ್ಟೂ ಕೂಸಿನಿಂದ ಆ ರಾಜಾಗ ಏನ್ ಧೈರ್ಯ ಬಂದೀತು? ಅಷ್ಟರಾಗ ವೈರಿಗಳು ಅವನ ಗೋರಿನೂ ಕಿತ್ತು ಒಗದಿರ್ತಾರ.”

ಮಂದಿ ಗೊಳ್ಳೆಂದರು. ಜವಾಬು ನನ್ನ ಪಾಲಿನದು. ನಾನು ಹಾಡಿದ ಸಾಲನ್ನೇ ಮತ್ತೆ ಎತ್ತಿದೆ. ಅಣ್ಣ ದಪ್ಪು ಕೆಳಗಿಟ್ಟ.

“ಖರೇನ ಕೇಳಿದ್ರಿ, ಚಾಚಾ. ಆ ರಾಜಾನ ಕಾಲಕ್ಕೂ ಒಂದು ಕೂಸು ಹುಟ್ಟಿತ್ತು ಅಂತೇನಿ ನಾ. ಅದು ಮಾತು ಕಲಿಯೂದ್ರಾಗ ವೈರಿಗಳು ಹೋಗಿದ್ರು. ಆದ್ರ ದೇವರ ಮಾತು ಅಲ್ಲಿಗೇ ತೀರಲಿಲ್ಲ. ಈಗ ಹೊಲದಾಗ ಹಸಿ ಜ್ವಾಳದ ತೆನಿ ಸುಟ್ಟು ಸೀತನಿ ತಿಂತೀರಿಲ್ಲ? ಸೀತನಿ ತಿಂದವ ಸುಗ್ಗಿ ಮುಗೀತು ಅಂತಾನೇನು? ಅದ ಹೊಲದಾಗ ಮುಂದ ರಾಶಿ ಆಗ್ತೈತಿ. ಆ ರಾಜಾ ಸೀತನಿ ತಿಂದ. ಯೇಸುಸ್ವಾಮಿ ರಾಶಿ.”

“ವಾಹ್, ಬೇಟಾ!” ಎಂದರು ಮುದುಕರು. ಅವತ್ತು ಮಂದಿ ಕತ್ತಲಾಗುವವರೆಗೂ ಅವನನ್ನು ಬಿಡಲಿಲ್ಲ. ಅವನ ಮಾತು ತಪ್ಪೆಂದು ನನಗೆ ಒಂದು ಗಳಿಗೆಯೂ ಅನಿಸಲಿಲ್ಲ. ಅದು ನನಗೆ ಹೊಳೆಯಲಿಲ್ಲವಲ್ಲ ಎಂದೇ ಹೊಟ್ಟೆ ಉರಿಯಿತು.

ಆಗ ಮುದ್ದೇಬಿಹಾಳಕ್ಕೆ ಒಬ್ಬ ಉಪದೇಶಿಯನ್ನು ನೇಮಿಸುವುದಿತ್ತು. ಸಂಬಳದ ಜೊತೆಗೆ ಇರಲು ಮನೆ. ಅಣ್ಣನಿಗೆ ಎರಡು ಮಕ್ಕಳು, ಮಳೆ ಬಂದರೆ ಸೋರುವ ಗುಡಿಸಲು. ಕೆಲಸ ಅವನಿಗೇ ಎಂದು ಎಲ್ಲರೂ ತಿಳಿದಿದ್ದರು. ನಾನು ಒಬ್ಬನೇ ಹೋಗಿ ಪಾಲಕರಿಗೆ ಹೇಳಿದೆ: “ಇಮ್ಮಾನುವೇಲ ಬ್ಯಾರೆ ಯಾವುದೋ ಕೂಸು ಅಂತ ಅಣ್ಣ ಸಂತ್ಯಾಗ ಹೇಳ್ಯಾನ್ರಿ.”

ಪಾಲಕರು ನಮ್ಮಿಬ್ಬರನ್ನೂ ಕರೆಸಿ ಅಣ್ಣನನ್ನು ಕೇಳಿದರು: “ಹಿಂಗ ಅಂದಿಯೇನು?”

“ಆಗೂ ಒಂದು ಕೂಸು ಹುಟ್ಟಿತ್ತು ಅಂದೇನ್ರಿ.”

“ಮುಂದ?”

“ಮುಂದ ಹೇಳಿದ್ದೂ ಐತ್ರಿ. ನಾ ಹೇಳಿದ್ರ ಈಗ ಕಟ್ಟಿಕೊಂಡು ಹೇಳ್ತಾನ ಅಂತೀರಿ. ಈ ತಮ್ಮ ನನ್ನ ಬಾಜೂಕ ನಿಂತಿದ್ದ, ಇವನ್ನ ಕೇಳ್ರಿ.”

ಅವನ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನಾನು ಕಾಪಾಡುತ್ತೇನೆಂದೇ ನಂಬಿ ನನ್ನ ಕಡೆ ತಿರುಗಿದ್ದ.

“ನಾ ಕೇಳಿದ್ದು ಅಷ್ಟ ರೀ,” ಎಂದೆ.

ಅಣ್ಣ ನನ್ನ ಕಡೆಯಿಂದ ಮುಖ ತಿರುಗಿಸಿದ. ಚಪ್ಪಲಿ ಮೆಟ್ಟಿಕೊಂಡು ಹೋದ. ಮುದ್ದೇಬಿಹಾಳದ ಮನೆ ನನಗೆ ಸಿಕ್ಕಿತು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿ ಸೇರಿದ.

ಮುದ್ದೇಬಿಹಾಳದಲ್ಲಿ ಕ್ರಿಸ್ಮಸ್ ಬಂದಾಗಲೆಲ್ಲ ನಾನು ಸೀತನಿ, ರಾಶಿಯ ಮಾತನ್ನೇ ಹೇಳಿದೆ, ನನ್ನದೆಂಬಂತೆ. ಬಸವನ ಬಾಗೇವಾಡಿಯಿಂದಲೂ ಕೇಳಲು ಬರುತ್ತಿದ್ದರು. ಹೊಗಳಿಸಿಕೊಂಡ ದಿನವೂ ಹೊಟ್ಟೆಕಿಚ್ಚು ಆರಲಿಲ್ಲ. ಅವನಾಗಿದ್ದರೆ ಇನ್ನೂ ಚಂದ ಹೇಳುತ್ತಿದ್ದನೆಂದು ನನಗೆ ಗೊತ್ತಿತ್ತು. ಸೊಲ್ಲಾಪುರಕ್ಕೆ ಹೋದಾಗ ಅವನ ಮನೆಯಲ್ಲಿ ಉಂಡು, ಊರ ಸುದ್ದಿ ಹೇಳಿ ಎದ್ದು ಬರುತ್ತಿದ್ದೆ. ಅವನೂ ಆ ಮಾತು ಎತ್ತಲಿಲ್ಲ.

ಅವನು ತೀರಿಕೊಂಡ ಮೇಲೆ ಅವನ ಹೆಂಡತಿ, ನಮ್ಮ ವೈನಿಯ ಮುಂದೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, “ನನ್ನ ಯಾಕ ಕೇಳ್ತೀರಿ? ಅವರು ಇದ್ದಾಗ ಬಂದು ಉಂಡು ಹೋದ್ರಿ. ಆವಾಗ ಬಾಯಾಗ ಏನಿತ್ತು?” ಎಂದರು.

ಪಾಲಕರು ಬದುಕಿದ್ದಾಗಲೇ ಅವರ ಮುಂದೆ ತಪ್ಪೊಪ್ಪಿಕೊಂಡಿದ್ದೆ. ಆಮೇಲೆ ಸಭೆಯ ಮುಂದೆ ಮೊಣಕಾಲೂರಿದೆ. ದೇವರನ್ನು ದಿನವೂ ಬೇಡುತ್ತೇನೆ. ಕ್ಷಮೆ ಕೇಳದೆ ಉಳಿದದ್ದು ಒಬ್ಬನನ್ನು, ನಮ್ಮ ಅಣ್ಣನನ್ನು.