ಹಾರ್ಮೋನಿಯಂನಲ್ಲಿ ತಪ್ಪು ಹುಡುಕಿದ ಗಿಟಾರು

ಕಳೆದ ಸೋಮವಾರ ನಮ್ಮ ಓಣಿಯ ಭಜನೆ ಎರಡೇ ಹಾಡಿಗೆ ಮುಗಿಯಿತು. ಕಾರಣ ನಾನು.

ಓಣಿಯವರು ಯಾರೂ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಹೇಳಿದವಳು ನನ್ನ ಹೆಂಡತಿ ಒಬ್ಬಳೇ. ಅದೂ ಊಟಕ್ಕೆ ಕೂತಾಗ, ರೊಟ್ಟಿ ಬಡಿಸುತ್ತಾ.

ಕೊಟ್ಟೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡ ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿದದ್ದು ನಿಮಗೆ ಗೊತ್ತೇ ಇದೆ (ಈ ಅಂಕಣದ ಹಳೆಯ ಓದುಗರು ನಗುವುದು ಇಲ್ಲಿಗೇ ಕೇಳಿಸುತ್ತಿದೆ). ಭಜನೆಯಲ್ಲಿ ಒಂದೇ ಒಂದು ಸಲ ನುಡಿಸುತ್ತೇನೆ ಎಂದು ದುಂಬಾಲು ಬಿದ್ದೆ. ಅಲ್ಲಿ ಹಾರ್ಮೋನಿಯಂ ನುಡಿಸುವವರು ಕೊಟ್ರಯ್ಯ ಮೇಷ್ಟ್ರು. ಶಾಲೆಯಲ್ಲಿ ನನಗೆ ಲೆಕ್ಕ ಕಲಿಸಿದವರು. ಬಾ ಎಂದರು. ಸ್ವರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುವ ಟ್ಯೂನರ್ ಆ್ಯಪ್ ಫೋನಿನಲ್ಲಿ ಹಾಕಿಕೊಂಡು, ಆರೂ ತಂತಿಗೆ ಹಸಿರು ಬರುವ ತನಕ ಗಿಟಾರಿನ ಕಿವಿ ತಿರುವಿ, ಠಾಕುಠೀಕಾಗಿ ಹೋದೆ. ಮೊದಲ ಹಾಡಿಗೇ ಎಲ್ಲರ ಮುಖ ಹುಣಸೆಹಣ್ಣು ತಿಂದಂತಾಯಿತು.

ಸುಮ್ಮನಿರಬಾರದಿತ್ತೇ? ಫೋನನ್ನು ಹಾರ್ಮೋನಿಯಂ ಹತ್ತಿರ ಹಿಡಿದೆ. ಕೆಂಪು ಬಂತು.

"ಸರ, ನಿಮ್ಮ ಪೇಟಿ ಸ್ವರನೇ ಇಳಿದೈತಿ ನೋಡ್ರಿ," ಎಂದುಬಿಟ್ಟೆ. ಅಷ್ಟು ಜನರ ಎದುರಿಗೆ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಬಟ್ಟೆ ಹೊದಿಸಿ, ಎತ್ತಿಕೊಂಡು ಮನೆಗೆ ಹೋದರು. ಮುಂದಿನ ವಾರ, ಅಂದರೆ ಕಳೆದ ಸೋಮವಾರ, ಭಜನೆಗೆ ಬರಲೇ ಇಲ್ಲ. ಬರೀ ತಾಳ ಹಾಕಿಕೊಂಡು ಎಷ್ಟು ಹಾಡುತ್ತಾರೆ? ಎರಡು ಹಾಡಿಗೆ ಮಂಗಳಾರತಿ ಆಯಿತು.

"ಇಪ್ಪತ್ತು ವರ್ಷ ಆ ಪೇಟಿಗೇ ಹಾಡೇವಿ," ಎಂದಳು ಹೆಂಡತಿ. "ಇನ್ನ ಮ್ಯಾಲೆ ನಿಮ್ಮ ಫೋನಿಗೆ ಹಾಡಬೇಕೇನ್ರಿ?"

ಆದರೆ ನಾನು ಹೇಳಿದ್ದು ಸುಳ್ಳೇ? ಹಟ ಬಂತು. ಗಿಟಾರ್ ತೆಗೆದು ಆಂಪ್ಲಿಫೈಯರ್‌ಗೆ ಸಿಕ್ಕಿಸಿದೆ. ತಂತಿಯನ್ನು ಎಲ್ಲೂ ಒತ್ತದೆ ಬಿಟ್ಟು ಮೀಟಿದರೆ ಹಸಿರು. ಅದೇ ತಂತಿಯನ್ನು ಹನ್ನೆರಡನೇ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕುತ್ತಿಗೆಗೆ ಬಡಿದ ಹನ್ನೆರಡನೇ ಕಂಬಿಯ ಹತ್ತಿರ, ಒತ್ತಿ ಮೀಟಿದರೆ ಕೆಂಪು. ಅಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಇದು ಇನ್ನೂ ಸ್ವಲ್ಪ ಏರಿ ಕೂತಿದೆ.

ಒಂದೇ ತಂತಿ, ಒಂದೇ ಫೋನು. ಕೆಳಗೆ ಸರಿ, ಮೇಲೆ ತಪ್ಪು. ಯಾವುದನ್ನು ನಂಬಲಿ? ಮೇಲಿನದನ್ನು ಸರಿ ಮಾಡಿದೆ. ಕೆಳಗಿನದು ಕೆಟ್ಟಿತು. ಜೊತೆಗೆ ನನ್ನ ತಲೆಯೂ.

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಗೆ ಯಂತ್ರ ರಿಪೇರಿ ಮಾಡುವ ಖಲೀಲ್ ಭಾಯ್ ಹತ್ತಿರ ಒಯ್ದೆ. ಅವರು ಗಿಟಾರ್ ಮುಟ್ಟಿದವರಲ್ಲ. ಸಣ್ಣ ಸ್ಕ್ರೂಗಳನ್ನು ಬಲ್ಲವರು. ಕನ್ನಡಕ ಏರಿಸಿ ತಂತಿಗಳ ಬುಡ ನೋಡಿದರು. ಅಲ್ಲಿ ತಂತಿಗೊಂದರಂತೆ ಆರು ಪುಟ್ಟ ಲೋಹದ ತುಂಡುಗಳಿರುತ್ತವೆ. ತಂತಿ ಕೂರುವುದು ಅವುಗಳ ಮೇಲೆ. ಸ್ಯಾಡಲ್ ಎನ್ನುತ್ತಾರೆ.

"ಒಂದೊಂದಕ್ಕೂ ಬ್ಯಾರೆ ಸ್ಕ್ರೂ ಕೊಟ್ಟಿದ್ದು ಹಿಂದ ಮುಂದ ಸರಿಸಾಕ. ಇವನ್ನ ಶಾಲಿ ಪ್ರೇಯರ್‌ಗೆ ನಿಲ್ಲಿಸಿದಂಗ ಒಂದೇ ಲೈನಿಗೆ ಯಾರು ನಿಲ್ಲಿಸ್ಯಾರ್ರಿ?"

ಯಾರು? ನಾನೇ. ಆಯುಧ ಪೂಜೆಯ ದಿನ. ಬೈಕ್ ತೊಳೆದೆ, ಅಂಗಡಿಯ ಫ್ರಿಜ್ ಒರೆಸಿದೆ, ಗಿಟಾರ್ ಬಿಡಲಿಕ್ಕಾಗುತ್ತದೆಯೇ? ತಂತಿ ಬಿಚ್ಚಿ, ಸ್ಯಾಡಲ್ ಬಿಚ್ಚಿ, ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ವಿಭೂತಿ ಕುಂಕುಮ ಹಚ್ಚಿದೆ. ಮೊದಲು ಅವು ಒಂದು ಹಿಂದೆ, ಒಂದು ಮುಂದೆ ಇದ್ದವು. ಅಸಹ್ಯ ಕಾಣುತ್ತದೆ ಎಂದು ಸ್ಕೇಲ್ ಇಟ್ಟು ಸಾಲಾಗಿ ಕೂರಿಸಿದೆ (ಅಂಗಡಿಯಲ್ಲಿ ಟಾನಿಕ್ ಬಾಟಲಿ ಜೋಡಿಸಿದ ಅಭ್ಯಾಸ). ದಪ್ಪ ತಂತಿಗೆ ಒಂದು ಉದ್ದ, ಸಣ್ಣ ತಂತಿಗೆ ಒಂದು ಉದ್ದ ಬೇಕೆಂದು ಯಾರಿಗೆ ಗೊತ್ತಿತ್ತು?

ಎರಡು ತಾಸು ಕೂತೆವು. ಖಲೀಲ್ ಭಾಯ್ ಸ್ಕ್ರೂ ತಿರುಗಿಸಿ ಸ್ಯಾಡಲ್ ಒಂದು ಕೂದಲಿನಷ್ಟು ಹಿಂದಕ್ಕೆ ಎಳೆಯುವುದು, ನಾನು ಬಿಟ್ಟ ತಂತಿಯನ್ನು ಮತ್ತೆ ಶ್ರುತಿ ಮಾಡಿ ಹನ್ನೆರಡನೇ ಫ್ರೆಟ್ ಒತ್ತಿ ನೋಡುವುದು. ತಂತಿ ಉದ್ದವಾದಂತೆ ಮೇಲಿನ ಸ್ವರ ಇಳಿಯುತ್ತಾ ಬಂತು. ಕೊನೆಗೆ ಆರೂ ಸ್ಯಾಡಲ್ ಸೊಟ್ಟಸೊಟ್ಟ ನಿಂತವು. ಎರಡೂ ಕಡೆ ಹಸಿರು.

ಹಾಗಾದರೆ ಮೇಷ್ಟ್ರ ಹಾರ್ಮೋನಿಯಂ ಸರಿಯಿತ್ತೇ? ಇಲ್ಲ. ಫೋನಿನ ಪ್ರಕಾರ ಅದು ಇಳಿದೇ ಇತ್ತು. ಮುಖ ಹುಳಿಯಾಗಿದ್ದು ಅವರಿಂದಲೋ ನನ್ನಿಂದಲೋ, ಇಬ್ಬರಿಂದಲೋ? ಈಗಲೂ ನನಗೆ ಬಗೆಹರಿದಿಲ್ಲ. ನನ್ನ ಗಿಟಾರೇ ತನಗೆ ತಾನು ಹೊಂದದೆ ಇದ್ದಾಗ ನಾನು ಅವರ ಕಡೆ ಬೆರಳು ತೋರಿಸಿದೆನಲ್ಲ, ಅದಕ್ಕೆ ಮಾತ್ರ ವಿಪರೀತ ನಾಚಿಕೆಯಾಯಿತು.

ನಿನ್ನೆ ಸಂಜೆ ಗಿಟಾರ್ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಆಯುಧ ಪೂಜೆಯ ಕಥೆ ಪೂರ್ತಿ ಹೇಳಿ, ತಪ್ಪಾಯಿತು ಎಂದೆ. ನೀವು ಸ್ವರ ಹಿಡೀರಿ, ನಾನು ನನ್ನ ತಂತಿ ಅದಕ್ಕೆ ಕೂಡಿಸಿಕೊಳ್ಳುತ್ತೇನೆ ಎಂದೆ. ಅವರು ಎದ್ದು ಹೋಗಿ ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದರು. ಒಂದೊಂದೇ ಸ್ವರ ಹಿಡಿದರು. ನಾನು ಒಂದೊಂದೇ ತಂತಿ ಇಳಿಸಿದೆ. ಕೆಳಗೂ ಕೂಡಿತು, ಮೇಲೂ ಕೂಡಿತು. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಹಾಡಿದರು. ನಾಳೆ ಭಜನೆಗೆ ಬರುತ್ತೇನೆ ಎಂದರು.

ಪಕ್ಕದಲ್ಲಿಟ್ಟ ಫೋನ್ ಇದನ್ನೆಲ್ಲ ಕೇಳಿಸಿಕೊಂಡು ಕೆಂಪಗೆ ಮಿನುಗುತ್ತಿತ್ತು. ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

"ಈಗ ನಿನ್ನ ಫೋನು ಏನಂತೈತಪ್ಪಾ?" ಎಂದರು ಮೇಷ್ಟ್ರು.

"ಚಾರ್ಜ್ ಇಲ್ರಿ, ಸರ," ಎಂದೆ.

ಎಂಬತ್ತು ಪರ್ಸೆಂಟ್ ಇತ್ತು. ನೀವಾಗಿದ್ದರೆ ತೆಗೆದು ತೋರಿಸುತ್ತಿದ್ದಿರಾ?