ತೊಲೆಗೆ ಸಿಕ್ಕಿಸಿದ ದೊನ್ನೆ

ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಹಿಡಿದ ಮಧ್ಯಾಹ್ನ ಹೊನ್ನಕ್ಕ ಏಳು ತಿಂಗಳ ಬಸುರಿ. ಚನ್ನರಾಯನದುರ್ಗದ ತಪ್ಪಲಿನ ಆ ಹಳ್ಳಿಯಲ್ಲಿ ಅವತ್ತು ಒಂದು ನರಪಿಳ್ಳೆಯೂ ಬೀದಿಗೆ ಬಿದ್ದಿರಲಿಲ್ಲ. ಅತ್ತೆ ಚಿಕ್ಕಲಕ್ಷ್ಮಮ್ಮ ಸೊಸೆಯನ್ನು ಒಳಕೋಣೆಗೆ ಕಳಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಹೊರಗಿನಿಂದ ಚಿಲಕ ಹಾಕಿದರು.

“ನೆಟ್ಟಗೆ ಮಲಿಕ್ಕೊ ಹೊನ್ನಿ. ಕೈಕಾಲು ಮಡಿಸ್ಬ್ಯಾಡ. ಏನೂ ಹರೀಬ್ಯಾಡ, ಚುಚ್ಚಬ್ಯಾಡ. ನೀನ್ ಮಾಡಿದ್ದು ಒಟ್ಟೇಲಿರೋ ಕೂಸಿಗೆ ತಟ್ಟತದೆ.”

ಗ್ರಹಣದಲ್ಲಿ ಬಸುರಿಯರಿಗೆಲ್ಲ ಇದೇ ಕಟ್ಟಳೆ. ಹೊನ್ನಕ್ಕ ಹೇಳಿದಂತೆ ಮಲಗಿದಳು. ಸೊಂಟ ಸಿಡಿಯತೊಡಗಿದರೂ ಮಗ್ಗುಲಾಗಲಿಲ್ಲ. ಆದರೆ ಅತ್ತೆ ಒಂದನ್ನು ಮರೆತಿದ್ದರು. ಆ ಮನೆಯವರದು ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ, ಊಟದೆಲೆ ಮಾಡಿ ಮದುವೆಮನೆಗಳಿಗೆ ಕೊಡುವ ಕಸುಬು. ಎಲೆಯ ಕಟ್ಟು, ಕಡ್ಡಿಯ ಕಟ್ಟು ಎರಡೂ ಆ ಕೋಣೆಯಲ್ಲೇ, ಹೊನ್ನಕ್ಕನ ಕೈಗೆ ಎಟುಕುವಷ್ಟು ಹತ್ತಿರದಲ್ಲಿದ್ದವು. ಬುದ್ಧಿ ಬಂದಾಗಿನಿಂದ ಎಲೆ ಹಚ್ಚಿದ ಬೆರಳುಗಳು ಅವಳ ಅಪ್ಪಣೆಗೆ ಕಾಯಲಿಲ್ಲ. ಕತ್ತಲಲ್ಲೇ ಒಂದು ಎಲೆ ಎಳೆದು, ಅಂಚೆತ್ತಿ ಮಡಿಸಿ, ಕಡ್ಡಿ ಚುಚ್ಚಿ ದೊನ್ನೆ ಮಾಡಿಬಿಟ್ಟವು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಬಂದು ಚಿಲಕ ತೆಗೆದ ಅತ್ತೆಗೆ ಮೊದಲು ಕಂಡದ್ದು ಸೊಸೆಯ ಹೊಟ್ಟೆಯ ಮೇಲೆ ಕೂತಿದ್ದ ಆ ದೊನ್ನೆ.

ಏಪ್ರಿಲ್‌ನಲ್ಲಿ ಕೆಂಪಿ ಹುಟ್ಟಿದಳು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು.

ಅತ್ತೆ ಆ ದೊನ್ನೆಯನ್ನು ಬಿಸಾಡಿರಲಿಲ್ಲ. ನಡುಮನೆಯ ತೊಲೆಗೆ ಸಿಕ್ಕಿಸಿದರು. ಕೂಸನ್ನು ನೋಡಲು ಬಂದವರಿಗೆ ಮೊದಲು ಕೂಸು, ಆಮೇಲೆ ದೊನ್ನೆ. ಗ್ರಹಣ ಸೂರ್ಯನನ್ನು ಸಂಜೆಯೊಳಗೆ ಬಿಟ್ಟಿತ್ತು, ಹೊನ್ನಕ್ಕನನ್ನು ಬಿಡಲಿಲ್ಲ. ಅವಳು ದಿನವೂ ಆ ತೊಲೆಯ ಕೆಳಗೇ ಕೂತು ಊರವರ ಮದುವೆಗಳಿಗೆ ಎಲೆ ಹಚ್ಚಿದಳು. ಗಂಡ ಸಣ್ಣರಂಗಯ್ಯ ಅತ್ತಲೂ ಮಾತಾಡಲಿಲ್ಲ, ಇತ್ತಲೂ ಮಾತಾಡಲಿಲ್ಲ. ಅಂಥ ಗಂಡಸರನ್ನು ಊರು ಸಾಧು ಎನ್ನುತ್ತದೆ. ಇನ್ನು ಅತ್ತೆ ಕೆಟ್ಟವರೇ ಆಗಿದ್ದರೆ ಎದುರಾಡಬಹುದಿತ್ತು. ಮೊಲೆ ಚೀಪಲಾರದ ಮೊಮ್ಮಗಳ ಬಾಯಿಗೆ ಹತ್ತಿಯಲ್ಲಿ ಅದ್ದಿ ಅದ್ದಿ ಹಾಲು ಹಿಂಡಿ ಬದುಕಿಸಿದವರು ಅವರೇ. ಹೊನ್ನಕ್ಕನ ಬಾಯಿ ಕಟ್ಟಿದ್ದೂ ಅದೇ.

ಐದು ತುಂಬಿದ ಕೆಂಪಿ ಒಂದು ದಿನ ಎಲೆ ಒರೆಸಿಕೊಡುತ್ತ ಕೇಳಿದಳು: “ಅವ್ವಾ, ನನ್ ತುಟೀನ ಯಾಕವ್ವ ಸೀಳ್ದೆ?”

ಹೊನ್ನಕ್ಕ ಊರೆಲ್ಲ ಅಂದದ್ದನ್ನು ನುಂಗಿಕೊಂಡಿದ್ದಳು, ಇದನ್ನು ನುಂಗಲಾಗಲಿಲ್ಲ. ಮರುದಿನವೇ ಮಗಳನ್ನು ಎತ್ತಿಕೊಂಡು ಮಧುಗಿರಿಯ ಬಸ್ಸು ಹತ್ತಿದಳು.

ಆಸ್ಪತ್ರೆಯ ಡಾಕ್ಟರಮ್ಮ ತುಟಿ ನೋಡಿ, “ಹೊಲಿದರೆ ಸರಿಹೋಗುತ್ತೆ, ಬೆಂಗಳೂರಿಗೆ ಬರೆದುಕೊಡ್ತೀನಿ” ಎಂದರು. ಹೊನ್ನಕ್ಕ ಏಳಲಿಲ್ಲ. ಗ್ರಹಣದ ಕಥೆಯನ್ನೆಲ್ಲ ಅಳುತ್ತ ಹೇಳಿದಳು. ಡಾಕ್ಟರಮ್ಮ ಮೇಜಿನ ಮೇಲಿದ್ದ ಒಂದು ಹಾಳೆ ಎತ್ತಿಕೊಂಡರು.

“ಮೊದಮೊದಲು ಮಗು ಅಂದ್ರೆ ಇಷ್ಟೇ ಕಣಮ್ಮ, ತೆಳ್ಳನೆ ಹಾಳೆ. ಅದು ತಾನೇ ಮಡಿಸಿಕೊಳ್ಳುತ್ತೆ. ಬೆನ್ನಿನ ಅಂಚುಗಳು ಎದ್ದು, ಒಂದಕ್ಕೊಂದು ಕೂಡಿ ಕೊಳವೆ ಆಗುತ್ತೆ. ಮುಖವೂ ಹಾಗೇ, ಎರಡು ಕಡೆಯಿಂದ ಬೆಳೆದು ಬಂದು ನಡುವೆ ಸೇರುತ್ತೆ.”

“ಕಡ್ಡಿ ಯಾರು ಚುಚ್ತಾರವ್ವಾ?” ಎಂದಳು ಹೊನ್ನಕ್ಕ.

ಡಾಕ್ಟರಮ್ಮ ನಕ್ಕರು. “ಯಾರೂ ಇಲ್ಲ. ಹಾಳೆ ತುಂಬ ಕಣ್ಣಿಗೆ ಕಾಣದ ಜೀವಕಣಗಳಿರುತ್ತವೆ. ನಿನ್ನ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ, ಒಂದೊಂದೂ ಒಂದು ಕಡೆ ಬಿಗಿದುಕೊಳ್ಳುತ್ತೆ. ಆಗ ಹಾಳೆ ಬಾಗುತ್ತೆ. ಕೆಲವು ಸಲ ಅಂಚು ಕೂಡೋದಿಲ್ಲ, ಅದು ಯಾರ ತಪ್ಪೂ ಅಲ್ಲ. ತುಟಿ ಕೂಡೋದು ಎರಡನೇ ತಿಂಗಳ ಹೊತ್ತಿಗೆ. ನಿನ್ನ ಗ್ರಹಣ ಬಂದಿದ್ದು ಏಳರಲ್ಲಿ.”

ಹೊನ್ನಕ್ಕ ಊರಿಗೆ ಹಾರಿಕೊಂಡು ಬಂದಳು ಅನ್ನಿ. ಕೇಳಿದ್ದನ್ನೆಲ್ಲ ಅತ್ತೆಗೆ ಒಪ್ಪಿಸಿದಳು. ಚಿಕ್ಕಲಕ್ಷ್ಮಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಯೋಚಿಸಿದರು.

“ಅಂಗಾರೆ ಎಲ್ಡನೇ ತಿಂಗಳಾಗೆ ಏನ್ ಮಾಡ್ದೆ, ಯೋಳು?”

ಚಿಲಕ ಮತ್ತೆ ಬಿತ್ತು. ಎರಡನೇ ತಿಂಗಳೆಂದರೆ ಗೌರಿಹಬ್ಬ ಕಳೆದ ದಿನಗಳು, ಬಸುರೆಂದು ತನಗೇ ಗಟ್ಟಿಯಾಗಿ ಗೊತ್ತಿಲ್ಲದ ದಿನಗಳು. ಆಗ ಏನು ಮಾಡಿದ್ದೆ? ಹಸಿ ಹುಣಸೆ ತಿಂದಿದ್ದೆ. ಸೀರೆ ಹರಿದು ತೊಟ್ಟಿಲ ಬಟ್ಟೆ ಮಾಡಿ ನಾದಿನಿಗೆ ಕೊಟ್ಟಿದ್ದೆ. ಹಬ್ಬದಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ನಕ್ಕದ್ದೂ ತಪ್ಪೇ? ಯಾರ ತಪ್ಪೂ ಅಲ್ಲವೆಂದು ಡಾಕ್ಟರಮ್ಮ ಹೇಳಿದ್ದರೂ, ಹೊನ್ನಕ್ಕ ಆ ತಿಂಗಳನ್ನು ಹೇನು ನೋಡುವ ಹಾಗೆ ಎಳೆ ಎಳೆಯಾಗಿ ಹುಡುಕಿದಳು.

ಬೆಂಗಳೂರಿನಲ್ಲಿ ತುಟಿ ಹೊಲಿದರು. ಕೆಂಪಿಗೆ ಒಂದು ಗೆರೆ ಉಳಿಯಿತು, ತೊಲೆಯಲ್ಲಿ ದೊನ್ನೆ ಉಳಿಯಿತು. ಗಾಯ ಮಾಗಿದ ಮೇಲೆ ಕೆಂಪಿ ಕನ್ನಡಿ ಹಿಡಿದುಕೊಂಡು ಮತ್ತೆ ಕೇಳಿದಳು: “ಯಾಕವ್ವ ಸೀಳಿದ್ದೆ?”

ಹೊನ್ನಕ್ಕ ಒರಳು ಮಗುಚಿ, ಅದರ ಮೇಲೆ ಹತ್ತಿ ದೊನ್ನೆ ಕಿತ್ತಳು. ಮಸಿ ತೊಳೆದು, ನೀರು ತುಂಬಿ ಮಗಳ ಕೈಗಿಟ್ಟಳು. ದೊನ್ನೆ ಸೋರಲಿಲ್ಲ.

“ನಾನ್ ಮಡಿಸಿದ್ದು ಇದೊಂದೇ ಕಣವ್ವ. ನಿನ್ನ ನಾನು ಮಡಿಸ್ಲಿಲ್ಲ. ನಿನ್ನ ನೀನೇ ಮಡಿಸ್ಕಂಡೆ.”

ಅತ್ತೆ ನೋಡುತ್ತಲೇ ಇದ್ದರು. ಬೆಳಿಗ್ಗೆ ನೋಡಿದರೆ ದೊನ್ನೆ ಮತ್ತೆ ತೊಲೆಯಲ್ಲಿತ್ತು.

ಆ ವಾರವೇ ಬರಗೂರಿನಿಂದ ನೆಂಟರ ನರಸಮ್ಮ ಬಂದರು. ಅತ್ತೆ ಮೊಮ್ಮಗಳ ತುಟಿ ತೋರಿಸಿದರು, ವಾಡಿಕೆಯಂತೆ ಕೈ ತೊಲೆಯ ಕಡೆಗೆ ಎದ್ದಿತು. “ಗ್ರಾಣದಾಗೆ ಇವರವ್ವ...”

“ನಮ್ಮವ್ವ ಮಡಿಸಿದ್ದು ಅದೊಂದೇ ಕಣಜ್ಜಿ,” ಎಂದಳು ಕೆಂಪಿ. “ಇದು ನಂದು.” ಬೆರಳು ತುಟಿಯ ಗೆರೆಯ ಮೇಲಿತ್ತು.

ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ಹೊನ್ನಕ್ಕ ಕೋಲು ಬಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮುದ್ದೆ ತಳ ಹಿಡಿಯಿತು.