ಬಚ್ಚಲ ಸೂರಿನ ಹಡಗು

ನನ್ನ ತಂಗಿಯ ಗಂಡ ಕದಿರಯ್ಯ ಮೇಷ್ಟ್ರು ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದವರು. ಬರಗೂರಿನ ಕಡೆ ಏಳು ವರ್ಷ, ಪಾವಗಡದ ಕಡೆ ಹನ್ನೊಂದು, ಉಳಿದದ್ದೆಲ್ಲ ನಮ್ಮ ಹೊಳವನಹಳ್ಳಿಯ ಸುತ್ತಮುತ್ತ. ಇಷ್ಟೂ ವರ್ಷ ಅವರು ಸಮುದ್ರವನ್ನು ಕಂಡದ್ದು ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಮಾತ್ರ. ಆ ನೀಲಿಯ ಮೇಲೆ ಕೋಲಿಟ್ಟು "ಬಂಗಾಳ ಕೊಲ್ಲಿ" ಎನ್ನುವಾಗ ತಾವೇ ನಿಂತು ಅಗೆಸಿದ ಕೆರೆಯ ಹೆಸರು ಹೇಳುವ ಗತ್ತು ಇರುತ್ತಿತ್ತು. "ಚಂಡಮಾರುತ ಎಂದರೇನು? ನಾಲ್ಕು ಅಂಕ" ಎಂಬ ಪ್ರಶ್ನೆಯನ್ನು ಪ್ರತಿ ವರ್ಷವೂ ತಪ್ಪದೆ ಕೇಳುತ್ತಿದ್ದರು. ಅದರ ಉತ್ತರ ಅವರಿಗೇ ಗೊತ್ತಿರಲಿಲ್ಲವೆಂದು ನನಗೆ ತಿಳಿದದ್ದು ಕಳೆದ ನವೆಂಬರಿನಲ್ಲಿ.

ನಾನು ಪಟಾಲಮ್ಮ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ತಂಗಿ ಪಾಪಕ್ಕನ ಮನೆಯಿಂದ ಮೂರನೆಯ ಮನೆ ನನ್ನದು. ಮೇಷ್ಟ್ರ ಬಗ್ಗೆ ಒಳ್ಳೆಯ ಮಾತು ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ಅವರು ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಅದನ್ನೇನೋ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಒಂದು ನಲ್ಲಿ ಸೋರಿದರೆ ನೀರಿನ ಚಕ್ರದ ಬಗ್ಗೆ ಭಾಷಣ ಮಾಡುತ್ತಾರೆ, ವಾಷರ್ ತರುವವಳು ಪಾಪಕ್ಕ. ಬಚ್ಚಲ ಮೇಲಿನ ಶೀಟು ಯುಗಾದಿಯ ಗಾಳಿಗೆ ಸೀಳಿತ್ತು. "ಹಾಕ್ಸಾನ ಬುಡೇ" ಎಂದು ಏಳೆಂಟು ತಿಂಗಳು ದೂಡಿದರು.

ಹಡಗಿನ ಹುಚ್ಚು ಹಿಡಿದದ್ದು ಮರುಳಸಿದ್ದಯ್ಯ ಎಂಬ ಇನ್ನೊಬ್ಬ ನಿವೃತ್ತ ಮೇಷ್ಟ್ರಿಂದ. ಅವರು ಸಿಂಗಾಪುರಕ್ಕೆ ಹೋಗಿ ಒಂದು ಕಾರಂಜಿಯ ಮುಂದೆ ನಿಂತ ಫೋಟೋವನ್ನು ನಿವೃತ್ತ ಶಿಕ್ಷಕರ ವಾಟ್ಸಾಪ್ ಬಳಗಕ್ಕೆ ಹಾಕಿದರು. ಮರುಳಸಿದ್ದಯ್ಯನವರು ಪಾಠ ಮಾಡುತ್ತಿದ್ದುದು ಗಣಿತ. ಗಣಿತದವನು ಭೂಮಿ ಸುತ್ತಿಬಂದ, ಭೂಗೋಳದವನು ಹೊಳವನಹಳ್ಳಿಯಲ್ಲಿ ಕೂತಿದ್ದಾನೆ ಎಂಬ ಉರಿ ನಮ್ಮವರಿಗೆ ನಾಲ್ಕು ದಿನ ಊಟ ಸೇರದಂತೆ ಮಾಡಿತು. ಐದನೆಯ ದಿನ ಮಧುಗಿರಿಗೆ ಹೋಗಿ, ಟೂರ್ ಮಾಡಿಸುವ ತಿಮ್ಮರಾಜುವಿನ ಅಂಗಡಿಯಲ್ಲಿ ಕೂತು, ಕ್ರೂಸ್ ಹಡಗಿಗೆ ಎರಡು ಟಿಕೆಟ್ ಮಾಡಿಸಿಕೊಂಡು ಬಂದರು. ಚೆನ್ನೈಯಲ್ಲಿ ಹತ್ತಿ, ಮೂರು ದಿನ ಸಮುದ್ರದಲ್ಲಿ ತಿರುಗಾಡಿ, ಮತ್ತೆ ಚೆನ್ನೈಯಲ್ಲೇ ಇಳಿಯುವುದು. ಎಲ್ಲಿಗೂ ಹೋಗದ ಹಡಗು. ನವೆಂಬರಿನಲ್ಲಿ ರೇಟು ಅರ್ಧ ಯಾಕೆ ಎಂದು ಒಂದು ಮಾತು ಕೇಳಲಿಲ್ಲ.

ಪಾಪಕ್ಕ ಬೇಡವೆಂದಳು. ಅವಳ ಒಬ್ಬಳೇ ಮಗಳು ಗಂಗಾಂಬಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಡಿಸೆಂಬರ್ ಏಳಕ್ಕೆ ದಿನ ಕೊಟ್ಟಿದ್ದರು. ಅಳಿಯ ಅಂಬರೀಶ್ ಶಿರಾದಲ್ಲಿ ಲೈನ್‌ಮನ್, ಗಾಳಿ ಮಳೆ ಬಂದರೆ ಕಂಬದ ಮೇಲೆಯೇ ಅವನ ಸಂಸಾರ. ಚೊಚ್ಚಲ ಹೆರಿಗೆಗೆ ಹೆತ್ತವಳು ಪಕ್ಕದಲ್ಲಿರಬೇಕು ಎನ್ನುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಮಾತೂ ಅಲ್ಲ. ಪಾಪಕ್ಕನ ಹೆರಿಗೆಯ ಹೊತ್ತಿಗೆ ನಮ್ಮಮ್ಮ ತೀರಿಕೊಂಡಿದ್ದಳು. ಬಾಣಂತನ ಮಾಡಿದವಳು ನಾನು. ಅಮ್ಮ ಬೇಕೆಂದು ಆಗ ಅವಳು ಅತ್ತದ್ದು ನನಗಿನ್ನೂ ನೆನಪಿದೆ. ಮಗಳಿಗೆ ಹಾಗಾಗಬಾರದೆಂದು ಎಂಟು ತಿಂಗಳಿಂದ ದಿನ ಎಣಿಸುತ್ತಿದ್ದಳು.

"ಏಳನೇ ತಾರೀಖಲ್ವೇನೆ? ನಾವು ಇಪ್ಪತ್ತೊಂಬತ್ತಕ್ಕೆ ಮನೇಲಿರ್ತೀವಿ" ಎಂದರು ಮೇಷ್ಟ್ರು, ಮಗು ಬೆಲ್ಲು ಹೊಡೆದ ಮೇಲೆ ತರಗತಿಗೆ ಬರುವ ಹಾಗೆ.

ಪಾಪಕ್ಕ ನನ್ನ ಮುಖ ನೋಡಿದಳು. "ಹೋಗ್ಬಾರೆ, ಮೂರು ದಿನ ತಾನೆ? ನಾನಿದೀನಲ್ಲ" ಎಂದುಬಿಟ್ಟೆ. ಮದುವೆಯಾದಾಗಿನಿಂದ ಅವಳು ಸಿದ್ದರಬೆಟ್ಟ ಹತ್ತಿದ್ದು ಬಿಟ್ಟರೆ ಇನ್ನೊಂದು ಜಾಗ ಕಂಡವಳಲ್ಲ, ಪಾಪ ಅನ್ನಿಸಿತು. ಉಗಿಸಿಕೊಳ್ಳಬೇಕಾದ ಮುಖಗಳಲ್ಲಿ ನನ್ನದೂ ಒಂದಿದೆ.

ಆಮೇಲೆ ಫ್ಲೆಕ್ಸ್ ಬಂತು. ಹೊಳವನಹಳ್ಳಿ ಬಸ್‌ಸ್ಟಾಪಿನಲ್ಲಿ, ಎರಡು ಕಂಬದ ನಡುವೆ, ಹತ್ತಡಿ ಅಗಲ. ನೀಲಿ ಸಮುದ್ರ, ಬಿಳಿ ಹಡಗು, ಹಡಗಿಗಿಂತ ದೊಡ್ಡದಾಗಿ ಕಪ್ಪು ಕನ್ನಡಕ ಹಾಕಿಕೊಂಡ ಮೇಷ್ಟ್ರು. "ನವೆಂಬರ್ 26ರಂದು ವಿದೇಶ ಪ್ರವಾಸ ಕೈಗೊಳ್ಳುತ್ತಿರುವ ನಮ್ಮ ನೆಚ್ಚಿನ ಗುರುಗಳಿಗೆ ಶುಭ ಕೋರುವ ಶಿಷ್ಯವೃಂದ." ಶಿಷ್ಯವೃಂದದಲ್ಲಿ ಒಬ್ಬನಿಗೂ ವಿಷಯ ಗೊತ್ತಿರಲಿಲ್ಲ, ಬರೆಸಿದ್ದು ಮೇಷ್ಟ್ರೇ. ಯಾವ ದೇಶ ಎಂದು ಟೀ ಅಂಗಡಿಯಲ್ಲಿ ಕೇಳಿದವರಿಗೆ "ಅಂತರರಾಷ್ಟ್ರೀಯ ಜಲಪ್ರದೇಶ" ಎಂದು ಉತ್ತರ ಕೊಟ್ಟರಂತೆ. ಫ್ಲೆಕ್ಸಿನ ಬಲಮೂಲೆಯಲ್ಲಿ, ಊಟದ ತಟ್ಟೆಯಷ್ಟು ಜಾಗದಲ್ಲಿ, ಪಾಪಕ್ಕನ ಮುಖ. ಯಾವುದೋ ಅರ್ಜಿಗೆಂದು ತೆಗೆಸಿದ್ದ ಫೋಟೋ, ಗಾಬರಿಗೊಂಡು ನೋಡುತ್ತಿದ್ದಳು.

ಹೊರಡುವುದಕ್ಕೆ ಎರಡು ದಿನ ಮುಂಚೆ ತಿಮ್ಮರಾಜು ಫೋನ್ ಮಾಡಿದ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಫೋನನ್ನು ಊರಿಗೆಲ್ಲ ಕೇಳುವ ಹಾಗೆ ಇಡುವುದು ಮೇಷ್ಟ್ರ ಅಭ್ಯಾಸ.

"ಸಾರ್, ಬಂಗಾಳ ಕೊಲ್ಲೀಲಿ ಸೈಕ್ಲೋನ್ ಎದ್ದೈತಂತೆ. ನಿಮ್ಮ ಟಿಕೀಟು ಜನವರಿಗೆ ಬದ್ಲಾಯಿಸ್ಕೊಡ್ತಾರೆ. ಏನೂ ಕಟ್ಟಂಗಿಲ್ಲ. ಮನೇಲಿ ಬೇರೆ ಹೆರಿಗೆ ಐತೆ ಅಂದ್ರಿ."

"ಲೇ ತಿಮ್ಮರಾಜು, ಸೈಕ್ಲೋನ್ ನಂಗ್ ಹೇಳ್ಕೊಡ್ತೀಯೇನ್ಲಾ? ನಿಮ್ಮಪ್ಪಂಗೂ ನಾನೇ ಪಾಠ ಮಾಡಿವ್ನಿ. ಇಲ್ಲಿ ಡೇಟ್ ಹಾಕಿ ಫ್ಲೆಕ್ಸ್ ಕಟ್ಬುಟ್ಟವ್ರೆ. ಈಗ ಹೋಗ್ದೆ ಇದ್ರೆ ಬಸ್‌ಸ್ಟಾಪ್ನಾಗೆ ತಲೆ ಎತ್ಕೊಂಡು ನಿಲ್ಲೋದೆಂಗೆ?"

ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಸೈಕ್ಲೋನ್ ಅಂದ್ರೆ ಏನತ್ಗೆ? ಮೂರು ದಿನ ಸೋನೆ. ಕಂಬಳಿ ಹೊದ್ಕೊಂಡು ಅವರೇಕಾಳು ಸಾರು ಉಣ್ಣೋದು. ಅಷ್ಟೇಯ."

ನಾನು ತಲೆಯಾಡಿಸಿದೆ. ನಮ್ಮ ಸೀಮೆಯಲ್ಲಿ ಸೈಕ್ಲೋನ್ ಎಂದರೆ ನಿಜವಾಗಿಯೂ ಅಷ್ಟೇ. ಚೆನ್ನೈಯವರು ಬಾಗಿಲು ಹಾಕಿಕೊಳ್ಳುವ ಸುದ್ದಿ ಬಂದರೆ ಪಾವಗಡದಿಂದ ಕೊರಟಗೆರೆಯವರೆಗೆ ಜನ ಮೋಡ ನೋಡುತ್ತಾ ಹೊರಗೆ ಬಂದು ನಿಲ್ಲುತ್ತಾರೆ. ರಾಗಿ ಕೊಯ್ದವರು ಬೈದುಕೊಳ್ಳುತ್ತಾರೆ, ಬೋರ್‌ವೆಲ್ ಇದ್ದವರು ಕೈಮುಗಿಯುತ್ತಾರೆ. ಅದು ಹುಟ್ಟುವ ಜಾಗ ಹೇಗಿರುತ್ತದೆಂದು ನಮಗೆ ಯಾರಿಗೂ ಗೊತ್ತಿಲ್ಲ. ನಮಗೆ ಗೊತ್ತಿಲ್ಲದಿದ್ದರೆ ಸರಿ. ಅದನ್ನು ಹಲಗೆಯ ಮೇಲೆ ಸುತ್ತಿ ಸುತ್ತಿ ಬರೆದು ತೋರಿಸಿ ಸಂಬಳ ಎಣಿಸಿಕೊಂಡ ಮನುಷ್ಯನಿಗೂ ಗೊತ್ತಿರಲಿಲ್ಲವಲ್ಲ! ಹೋದರು.

ಇಪ್ಪತ್ತೇಳಕ್ಕೆ ನಮ್ಮಲ್ಲಿ ಸೋನೆ ಹಿಡಿಯಿತು. ಇಪ್ಪತ್ತೆಂಟರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಗಂಗಾಂಬಿಕಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ದೊಡ್ಡಮ್ಮ, ನೀರು ಹೋಗ್ತೈತೆ. ಅಮ್ಮ ಎಲ್ಲಿ?" ಎಂದಳು. ಅಮ್ಮ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. ಆ ಪ್ರಶ್ನೆಗೆ ಮೇಷ್ಟ್ರೇ ಅಲ್ಲಿ ನಿಂತು ಉತ್ತರ ಕೊಡುವಂತಿದ್ದರೆ ಎಂದು ಅನ್ನಿಸಿತು.

ಆಂಬುಲೆನ್ಸಿಗೆ ಫೋನ್ ಮಾಡಿ ಹೊಸಿಲಲ್ಲಿ ನಿಂತಿದ್ದಾಗ ವಾಟ್ಸಾಪಿನಲ್ಲಿ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಪಾಪಕ್ಕ! ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಅಕ್ಕ, ಹೆಂಗವ್ಳೆ?"

"ನೋವು ಬಂದೈತೆ ಕಣೇ. ಕೊರಟಗೆರೆ ಆಸ್ಪತ್ರೆಗೆ ಹೊಂಟಿದೀವಿ. ನೀನು ಯಾವಾಗ..."

ಅಷ್ಟಕ್ಕೇ ಕಡಿದುಹೋಯಿತು. ಮತ್ತೆ ಸಿಗಲಿಲ್ಲ.

ಹಡಗಿನಲ್ಲಿ ನಡೆದದ್ದನ್ನು ಪಾಪಕ್ಕ ಆಮೇಲೆ ಹೇಳಿದಳು. ಮೊದಲ ದಿನ ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೂವತ್ತು ನಲವತ್ತು ಫೋಟೋ ತೆಗೆಸಿಕೊಂಡರು, ಬಿಟ್ಟಿ ಊಟವೆಂದು ಮೂರು ಸಲ ಬಡಿಸಿಕೊಂಡರು. ಎರಡನೆಯ ದಿನ ಮಧ್ಯಾಹ್ನಕ್ಕೆ ನೆಲ ಏಳತೊಡಗಿತು. ಉಂಡದ್ದೆಲ್ಲ ಆಚೆ ಬಂತು. ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು ಮಂಚದ ಸರಳು ತಬ್ಬಿ ಮಲಗಿದವರು ಮತ್ತೆ ಏಳಲಿಲ್ಲ. ಬಂದರು ಮುಚ್ಚಿದ್ದಾರೆ, ಹಡಗು ಗಾಳಿಯಿಂದ ದೂರ ನಿಲ್ಲಬೇಕು, ಇನ್ನೆರಡು ದಿನ ತಡ ಎಂದು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ಹೆಂಡತಿಗೆ ತಿಳಿಸಿ ಹೇಳುವ ಚೈತನ್ಯವೂ ಮೇಷ್ಟ್ರಿಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪಾಪಕ್ಕ ಗೋಡೆ ಹಿಡಿದು ಹಿಡಿದು ಹೊರಗೆ ಹೋಗಿದ್ದಾಳೆ. ಎಲ್ಲರೂ ಇಂಗ್ಲಿಷು, ಹಿಂದಿ. ಕೊನೆಗೆ ಓಣಿಯಂಥ ದಾರಿಯಲ್ಲಿ ಕೂತು ಅಳುತ್ತಿದ್ದಾಗ ರೂಮು ಗುಡಿಸುವ ಒಬ್ಬ ಹೆಂಗಸು ಬಂದು "ಏಮೈಂದಿ ಅಕ್ಕಾ?" ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳಿದಳಂತೆ. ಆಂಧ್ರದ ಮಡಕಶಿರದವಳು. ನಾವಿಬ್ಬರೂ ಪಾವಗಡದ ಗಡಿ ಊರಿನಲ್ಲಿ ಹುಟ್ಟಿದವರು, ತೆಲುಗು ನಮಗೆ ಆಟ ಆಡುತ್ತಾ ಬಂದ ಮಾತು. ಹಳ್ಳಿಯ ಆ ತೆಲುಗು ಬಾಯಿಗೆ ಬಂದರೆ ಮರ್ಯಾದೆ ಹೋಗುತ್ತದೆಂದು ಮೇಷ್ಟ್ರು ಪಾಪಕ್ಕನನ್ನು ಎಷ್ಟೋ ಸಲ ಗದರಿದ್ದರು. ಆ ಮಾತಿನಲ್ಲೇ ಮಗಳ ವಿಷಯ ಹೇಳಿಕೊಂಡಳು. ಆ ಹೆಂಗಸು ಹಡಗಿನ ನೆಟ್ ಇದ್ದ ತನ್ನ ಫೋನು ತೆಗೆದುಕೊಟ್ಟಳು.

ಕರೆ ಕಡಿದ ಮೇಲೆ ಪಾಪಕ್ಕ ರೂಮಿಗೆ ಓಡಿದಳು. "ಗಂಗೂಗೆ ನೋವು ಬಂದ್ಬುಟ್ಟೈತಂತೆ!"

ಮೇಷ್ಟ್ರು ಕಣ್ಣು ತೆರೆಯದೆ ಹೇಳಿದರು: "ಡೇಟು ಏಳನೇ ತಾರೀಖಲ್ವಾ?"

ಈ ಮಾತನ್ನು ನನಗೆ ಹೇಳುವಾಗ ಪಾಪಕ್ಕ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಆಮೇಲಿನ ಮೂರು ದಿನ ಮಗಳು ಬದುಕಿದ್ದಾಳೋ, ಮಗು ಏನಾಯಿತೋ, ಅವಳಿಗೆ ಒಂದೂ ತಿಳಿಯಲಿಲ್ಲ. ಆ ಮಡಕಶಿರದವಳ ಫೋನಿಗೂ ಮತ್ತೆ ನೆಟ್ ಸಿಗಲಿಲ್ಲವಂತೆ.

ಗಂಗಾಂಬಿಕಾಗೆ ಸಂಜೆ ನಾಲ್ಕೂವರೆಗೆ ಹೆಣ್ಣುಮಗು ಆಯಿತು. ಒಂಬತ್ತು ಗಂಟೆ ನನ್ನ ಕೈ ಹಿಡಿದಿದ್ದಳು, ಉಗುರಿನ ಗುರುತು ವಾರವಿತ್ತು. ಅಂಬರೀಶ್ ಮಳೆಯಲ್ಲಿ ನೆಂದುಕೊಂಡು ಕಂಬದಿಂದ ನೇರ ಬಂದು ಮಗು ನೋಡಿ, ಮತ್ತೆ ಕಂಬಕ್ಕೆ ಹೋದ. ಎರಡು ದಿನ ಬಿಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದು ನೋಡಿದರೆ ಬಚ್ಚಲು ತೊಟ್ಟಿಯಾಗಿದೆ. ಸೀಳಿದ್ದ ಶೀಟು ಸೋನೆಯ ಗಾಳಿಗೆ ಪೂರ್ತಿ ಬಿದ್ದುಹೋಗಿತ್ತು. ಹಸಿ ಬಾಣಂತಿಗೆ, ಹಸುಗೂಸಿಗೆ ನೀರು ಹಾಕುವುದೆಲ್ಲಿ? ಮೇಷ್ಟ್ರನ್ನು ಬಾಯಿತುಂಬ ಬೈಯುತ್ತಾ ಕುಡುಗೋಲು ಹಿಡಿದು ಬಸ್‌ಸ್ಟಾಪಿಗೆ ಹೋದೆ. ಫ್ಲೆಕ್ಸು ಒಂದು ಕಂಬದಿಂದ ಕಳಚಿಕೊಂಡು ಚರಂಡಿಗೆ ಇಳಿಬಿದ್ದಿತ್ತು. ಹಗ್ಗ ಕೊಯ್ದು, ಸುತ್ತಿಕೊಂಡು ತಂದು, ಒರೆಸಿ, ಬಚ್ಚಲ ಸೂರಿನ ತೊಲೆಗಳ ಮೇಲೆ ಹೊದಿಸಿ ನಾಲ್ಕೂ ಕಡೆ ಕಟ್ಟಿದೆ. ಆತುರದಲ್ಲಿ ಚಿತ್ರವಿದ್ದ ಕಡೆ ಒಳಮುಖವಾಯಿತು. ಒಂದು ಹನಿ ಸೋರಲಿಲ್ಲ. ಹಂಡೆಗೆ ಉರಿ ಹಾಕಿ ಬಾಣಂತಿಗೆ ನೀರು ಹುಯ್ದೆ. ಗಂಗಾಂಬಿಕಾ ಮಣೆಯ ಮೇಲೆ ಕೂತು ಕತ್ತು ಎತ್ತಿ ಮೇಲೆಯೇ ನೋಡುತ್ತಿದ್ದಳು. ತಲೆಗೆ ನೀರು ಬೀಳುವ ಸುಖಕ್ಕೆ ಎಂದುಕೊಂಡೆ.

ಅವರಿಬ್ಬರು ಬಂದದ್ದು ಡಿಸೆಂಬರ್ ಎರಡರ ಮಧ್ಯಾಹ್ನ. ಚೆನ್ನೈಯಲ್ಲಿ ಇಳಿದ ಕೂಡಲೇ ಫೋನಿನಲ್ಲಿ ವಿಷಯ ತಿಳಿದಿತ್ತು. ಮೇಷ್ಟ್ರ ತಲೆಯ ಮೇಲೆ ಹಡಗಿನ ಚಿತ್ರದ ಟೋಪಿ. ಇನ್ನೂ ಬಾಗಿಲಲ್ಲೇ "ಅನುಭವ ಅಂದ್ರೆ ಅನುಭವ ಕಣತ್ಗೆ" ಎಂದು ಶುರುಮಾಡಿದರು. ನಾನು ಮುಖ ತಿರುಗಿಸಿಕೊಂಡೆ.

ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಕೂಸನ್ನು ಮುಟ್ಟುವ ಹಾಗಿಲ್ಲ. ಪಾಪಕ್ಕ ಬ್ಯಾಗು ಅಲ್ಲೇ ಬಿಸಾಡಿ ಬಚ್ಚಲಿಗೆ ಓಡಿದಳು. ತಂಬಿಗೆಯ ಸದ್ದು ಬಂತು, ಆಮೇಲೆ ನಿಂತುಹೋಯಿತು. ಬಹಳ ಹೊತ್ತು ಆಚೆ ಬರಲಿಲ್ಲ. ಮೇಷ್ಟ್ರು ಹಿಂದೆಯೇ ಹೋಗಿ ಇಣುಕಿದರು, ತಲೆ ಎತ್ತಿದರು.

"ಏನ್ ಅತ್ಗೆ ಇದು! ನನ್ನ ಮುಖ ತಂದು ಬಚ್ಚಲ್ನಾಗೆ ಹಾಕಿದೀರಲ್ಲ! ಊರೋರು ನೋಡಿದ್ರೆ ಏನಂತಾರೆ? ತಗೀರಿ ಮೊದ್ಲು. ನಾಳೇನೇ ಶೀಟು ತರಿಸ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಗಂಗಾಂಬಿಕಾ ಕೂಗಿದಳು. "ಅಮ್ಮಾ, ದೊಡ್ಡಮ್ಮ ನೀರು ಹುಯ್ಯುವಾಗೆಲ್ಲ ನಿನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆ ಕಣಮ್ಮ."

ಪಾಪಕ್ಕ ಆಚೆ ಬಂದು ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. ಮೂವತ್ತು ವರ್ಷದಲ್ಲಿ ಗಂಡನ ಮುಂದೆ ಅವಳು ಗಂಟಲು ಏರಿಸಿದ್ದನ್ನು ನಾನು ಕಂಡಿಲ್ಲ. ಆಗಲೂ ಏರಿಸಲಿಲ್ಲ.

"ನನ್ನ ಮಗಳ ಹೆರಿಗೆಗೆ ನಾನು ಬಂದಿದ್ದು ಇಷ್ಟೇಯ. ಇದನ್ನ ಮುಟ್ಬೇಡಿ" ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಳ್ಳಲು ಒಳಗೆ ಹೋದಳು.

ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಲ್ಲೇ ನಿಂತರು. ಹೊಸ ಶೀಟು ಮಾರನೆಯ ದಿನವೇ ಬಂತು. ಎರಡು ತಿಂಗಳಿಂದ ಹಿತ್ತಲ ಗೋಡೆಗೆ ಒರಗಿಕೊಂಡಿದೆ, ಹಾಕಲು ಪಾಪಕ್ಕ ಬಿಟ್ಟಿಲ್ಲ. ಮೇಷ್ಟ್ರು ದಿನವೂ ಆ ಫ್ಲೆಕ್ಸಿನ ಕೆಳಗೇ ಸ್ನಾನ ಮಾಡುತ್ತಾರೆ, ತಲೆ ಬಗ್ಗಿಸಿಕೊಂಡು.